ಮೊರದಲ್ಲಿ ಮಲಗಿಸಿದ ಹೂದಾನಿ

ಮೊನ್ನೆ ನಮ್ಮ ಸೊಸೆ ಹಳೇ ಗಾಜಿನ ಹೂದಾನಿಯೊಂದಕ್ಕೆ ಬಣ್ಣ ತುಂಬಿ, ಚೆನ್ನಾಗಿಯೇ ತುಂಬಿ, ಟಿ.ವಿ. ಪಕ್ಕದಲ್ಲಿ ಇಟ್ಟಿದ್ದಳು. ಅವಳು ಅಡಿಗೆಮನೆಗೆ ಹೋದ ಹೊತ್ತು ನೋಡಿ ನಾನು ಅದನ್ನೆತ್ತಿ ಪೂರ್ವದ ಕಿಟಕಿಗೆ ಇಟ್ಟೆ. ಸಂಜೆ ನೋಡಿದರೆ ಮತ್ತೆ ಟಿ.ವಿ. ಪಕ್ಕ. ಬೆಳಿಗ್ಗೆ ಮತ್ತೆ ಕಿಟಕಿಗೆ ಸಾಗಿಸಿದೆ. "ಅತ್ತೆ, ಅದು ಅಲ್ಲಿದ್ದರೆ ನಿಮಗೇನು ಕಷ್ಟ?" ಎಂದು ಕೇಳಿಯೇಬಿಟ್ಟಳು. ನನಗೇನು ಕಷ್ಟ ತಾಯಿ! ಇದು ನನ್ನ ಬುದ್ಧಿಯೇ ಅಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದಾಗ ಅಲ್ಲಿದ್ದ ಪಿ.ಟಿ. ಮೇಷ್ಟ್ರು ಅಂಟಿಸಿಹೋದ ಚಾಳಿ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು, ಚಾಳಿ ಮಾತ್ರ ಬಿಟ್ಟಿಲ್ಲ.

ಆಸಾಮಿ ಭಾರಿ ಆಳು. ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲಾಗಬೇಕು, ಅಷ್ಟು ದೊಡ್ಡ ಮೈ. ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ, ಕುತ್ತಿಗೆಯಲ್ಲಿ ದಾರ ಕಟ್ಟಿದ ವಿಶಲ್ಲು. ಆಫೀಸಿನ ಗಡಿಯಾರ ನಿಂತರೂ ನಿಲ್ಲಬಹುದು, ಇವರ ವಿಶಲ್ಲು ಒಂದು ನಿಮಿಷ ಆಚೀಚೆ ಆಗುತ್ತಿರಲಿಲ್ಲ. ತಡವಾಗಿ ಬಂದ ಹುಡುಗರನ್ನು ಗೇಟಿನಲ್ಲೇ ಹಿಡಿದು, "ಲೇ, ಬಸ್ಸಿಗೆ ನಿಮ್ಮಪ್ಪ ಕಾಯ್ತಾನೋ, ನಿಮ್ಮಪ್ಪಂಗೆ ಬಸ್ಸು ಕಾಯ್ತದೋ? ಒತ್ತು ಯಾರ್ಗೂ ಕಾಯಕಿಲ್ಲ ಕಣ್ಲಾ!" ಎಂದು ಮೈದಾನಕ್ಕೆ ಒಂದು ಸುತ್ತು ಓಡಿಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾವೂ ಆ ಮಾತಿಗೆ ಹೆದರಿಯೇ ಬೇಗ ಬರುತ್ತಿದ್ದೆವು ಅನ್ನಿ.

ಇಂಥ ಮನುಷ್ಯ ಗಾಜಿನ ಮೇಲೆ ಹೂವು ಬಿಡಿಸಲು ಕೂತದ್ದೇ ಒಂದು ತಮಾಷೆ. ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಕ್ರಾಫ್ಟ್ ಟೀಚರಿಗೆ ವರ್ಗವಾಯಿತು, ಬದಲಿಗೆ ಯಾರೂ ಬರಲಿಲ್ಲ. ಹೆಡ್ಮಾಸ್ಟರು ಯಾರಿಗೆ ಪುರುಸೊತ್ತಿದೆ ಎಂದು ನೋಡಿ ಆ ಪೀರಿಯಡ್ಡನ್ನು ಪಿ.ಟಿ. ಮೇಷ್ಟ್ರ ತಲೆಗೆ ಕಟ್ಟಿದರು. "ಕಬಡ್ಡಿ ಆಡ್ಸೋನ ಕೈಲಿ ಕಸೂತಿ ಮಾಡುಸ್ತೀರಾ ಸಾ?" ಎಂದು ಕೂಗಾಡಿದರು. ಕೂಗಾಡಿ, ಆಕೆ ಬಿಟ್ಟುಹೋಗಿದ್ದ ಪೆಟ್ಟಿಗೆ ತೆಗೆದು ನೋಡಿದರು. ಅದರಲ್ಲಿ ಗಾಜಿಗೆ ಹಾಕುವ ಬಣ್ಣದ ಪುಟ್ಟ ಸೀಸೆಗಳು ಮತ್ತು ಗೆರೆ ಎಳೆಯುವ ಟ್ಯೂಬುಗಳು. ಮಕ್ಕಳಿಗೆ ಹೇಳಿಕೊಡುವ ಮುಂಚೆ ತಾವು ಕಲಿಯಬೇಕಲ್ಲ ಎಂದು ಪೆಟ್ಟಿಗೆಯನ್ನು ಮನೆಗೆ ಒಯ್ದವರು ಮತ್ತೆ ಸ್ಕೂಲಿಗೆ ತರಲೇ ಇಲ್ಲ. ಮಕ್ಕಳು ಕ್ರಾಫ್ಟ್ ಪೀರಿಯಡ್ಡಿನಲ್ಲೂ ಕಬಡ್ಡಿಯೇ ಆಡಿದರು.

ಅವರ ಮನೆ ನಮ್ಮ ಮನೆಗೆ ಎದುರುಸಾಲು. ಹೀಗಾಗಿ ಎಲ್ಲ ನನ್ನ ಕಣ್ಣೆದುರೇ ನಡೆಯಿತು. ಹೊಸ ಗಾಜು ಅವರಿಗೆ ಸೇರುತ್ತಿರಲಿಲ್ಲ. ಭಾನುವಾರ ಬಂತೆಂದರೆ ಶ್ರೀರಂಗಪಟ್ಟಣಕ್ಕೆ ಹೋಗಿ, ಹೈವೇ ಪಕ್ಕದ ಗುಜರಿ ಅಂಗಡಿಯಲ್ಲಿ ಕೂರುತ್ತಿದ್ದರು. ಒಮ್ಮೆ ನಾನೂ ಅವರ ಹೆಂಡತಿಯೂ ಜೊತೆಗೆ ಹೋಗಿದ್ದೆವು. ಅಂಗಡಿಯ ಸಾಬರು ತಗಡು, ಸೈಕಲ್ ರಿಮ್ಮುಗಳ ನಡುವಿನಿಂದ ಧೂಳು ಮೆತ್ತಿದ ಒಂದು ಹೂದಾನಿ ಎತ್ತಿಕೊಟ್ಟು, "ಬಂಗಲೆ ಮಾಲು ಮೇಷ್ಟ್ರೇ, ಖುದಾ ಕಸಂ, ಒಂದು ಬಿರುಕು ಇದ್ರೆ ವಾಪಸ್ ತನ್ನಿ" ಎಂದರು. ಮೇಷ್ಟ್ರು ಅದನ್ನು ಕಿವಿ ಹತ್ತಿರ ಹಿಡಿದು ಉಗುರಿನಿಂದ ಟಿಣ್ಣೆನ್ನಿಸಿ, "ಬಿರುಕೈತೆ. ಕೆಮ್ಮೋ ಸದ್ದು ಬತ್ತದೆ" ಎಂದು ಹಿಂದಕ್ಕೆ ಕೊಟ್ಟರು. ಸಾಬರು ನಕ್ಕು ಇನ್ನೊಂದು ಹುಡುಕಿದರು. ಸಂಜೆಯ ರೈಲಿನಲ್ಲಿ ನಾವು ಮೂವರೂ ಮಡಿಲಲ್ಲಿ ಒಂದೊಂದು ಹೂದಾನಿ ಇಟ್ಟುಕೊಂಡು, ಯಾರದೋ ಮನೆಯ ಕೂಸು ಎತ್ತಿಕೊಂಡವರ ಹಾಗೆ ಕೂತಿದ್ದೆವು.

ಆಮೇಲೆ ಶುರು ಅವರ ಪಾಡು. ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕುವುದು, ಸ್ಪಿರಿಟ್ಟಿನಲ್ಲಿ ಒರೆಸುವುದು, ಟ್ಯೂಬಿನಿಂದ ಗೆರೆ ಎಳೆಯುವುದು, ಗೆರೆಯೊಳಗೆ ಬಣ್ಣವನ್ನು ತೊಟ್ಟು ತೊಟ್ಟಾಗಿ ಬಿಡುವುದು. ಹೂದಾನಿಯ ಮೈ ಗುಂಡಗೆ ಇರುತ್ತದೆ ನೋಡಿ, ನಿಲ್ಲಿಸಿ ಬಣ್ಣ ಬಿಟ್ಟರೆ ಕೆಳಕ್ಕೆ ಇಳಿದುಬಿಡುತ್ತದೆ. ಮಲಗಿಸಿದರೆ ಉರುಳುತ್ತದೆ. ಮೇಷ್ಟ್ರು ಇದಕ್ಕೊಂದು ಉಪಾಯ ಕಂಡುಕೊಂಡರು. ಮೊರದ ತುಂಬ ರಾಗಿ ಹರವಿ, ಅದರೊಳಗೆ ಹೂದಾನಿಯನ್ನು ಮಲಗಿಸಿದರು. ಮೇಲಿನ ಭಾಗಕ್ಕೆ ಬಣ್ಣ ಬಿಟ್ಟು, ಧೂಳು ಕೂರದಂತೆ ಕೋಳಿ ಕವುಚುವ ಮಂಕರಿ ಮುಚ್ಚಿದರು. ಅದು ಒಣಗಿ ಗಟ್ಟಿಯಾದ ಮೇಲೆ ಒಂದಿಷ್ಟು ತಿರುಗಿಸಿ ಪಕ್ಕದ ಭಾಗ. ಹೀಗೆ ಒಂದು ಹೂದಾನಿ ಸುತ್ತಿ ಬರಲು ವಾರಗಟ್ಟಲೆ ಹಿಡಿಯುತ್ತಿತ್ತು.

"ಮುದ್ದೆಗೆ ರಾಗಿ ಬೀಸ್ಸಾನ ಅಂದ್ರೆ ಅದ್ರಲ್ಲಿ ಇವರ ಊದಾನಿ ಮನಿಕ್ಕಂಡದೆ" ಎಂದು ಅವರ ಹೆಂಡತಿ ನನ್ನ ಹತ್ತಿರ ದೂರುತ್ತಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. "ಮಂಕ್ರಿ ಇಲ್ದೆ ಕೋಳಿ ಮನೆಯೆಲ್ಲ ತಿರುಗ್ತಾವೆ ಕನವ್ವ." ಮೇಷ್ಟ್ರು ಮಂಕರಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಸಂದಿಯಿಂದ ಇಣುಕಿ ನೋಡುವುದು, ಮುಟ್ಟಬೇಕೆಂದು ಕೈ ಚಾಚುವುದು, ಹಿಂದಕ್ಕೆ ಎಳೆದುಕೊಳ್ಳುವುದು. ಒಂದು ದಿನ ನಾನು ರೇಗಿಸಿದೆ: "ಏನ್ ಮೇಷ್ಟ್ರೇ, ಹೊತ್ತು ಯಾರಿಗೂ ಕಾಯಲ್ಲ ಅನ್ನೋರು ನೀವು. ಈಗ ಹೊತ್ತಿಗೋಸ್ಕರ ನೀವೇ ಕಾಯ್ತಾ ಕೂತಿದೀರಲ್ಲ?" ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. "ಕಾಯೋದ ಕಲೀತಾ ಇವ್ನಿ ಮೇಡಮ್ಮೋರೆ. ಇದ ಮೊದ್ಲೇ ಕಲ್ತಿದ್ರೆ ನಂಗೊಬ್ಬ ತಂಗಿ ಇರೋಳು" ಎಂದರು.

ತಂಗಿ ಇದ್ದಳು. ನಾಗಮಂಗಲದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು, ಸಾಕಮ್ಮ ಅಂತ. ಆ ಕತೆಯನ್ನು ಅಕ್ಕ ನನಗೆ ಹೇಳಿದ್ದು ಅದೇ ಸಂಜೆ. ತೊಣ್ಣೂರಿನ ಹತ್ತಿರದ ಅವರ ಊರಿನಲ್ಲಿ ತಾಯಿ ತೀರಿಕೊಂಡಾಗ ತಂಗಿಗೆ ಸುದ್ದಿ ಮುಟ್ಟಿಸಿದ್ದರು. ಅವಳು ಹತ್ತಿದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇಲ್ಲಿ ರಾಹುಕಾಲ ಹತ್ತಿರವಾಗುತ್ತಿದೆ ಎಂದು ಊರ ಹಿರಿಯರೊಬ್ಬರು ಅಂದರು. ಇನ್ನೊಬ್ಬರು ಮಗಳು ಬರಲಿ, ರಾಹುಕಾಲ ಕಳೆದೇ ಎತ್ತೋಣ ಅಂದರು. ಮೇಷ್ಟ್ರು ಕೈಗಡಿಯಾರ ನೋಡಿಕೊಂಡು, "ಒತ್ತು ಯಾರ್ಗೂ ಕಾಯಕಿಲ್ಲ, ಎತ್ತಿ" ಎಂದುಬಿಟ್ಟರಂತೆ. ಸಾಕಮ್ಮ ಹೊಲದ ಬದುವಿನ ಮೇಲೆ ಓಡೋಡಿ ಬಂದಾಗ ಗುಂಡಿಗೆ ಮಣ್ಣು ಎಳೆಯುತ್ತಿದ್ದರು. ಅವಳು ಮಣ್ಣಿನ ಮೇಲೆ ಬಿದ್ದು ಹೊರಳಿ, ಕೊನೆಗೆ ಎದ್ದು ಅಣ್ಣನ ಮುಂದೆ ನಿಂತಳು. "ಅವ್ವನ ಮೊಕ ತೋರುಸ್ನಿಲ್ವಲ್ಲ ನೀನು. ಇವತ್ತಿಗೆ ನನ್ ತವರು ಮಣ್ಣಾಯ್ತು" ಎಂದವಳು ಮನೆಯ ಹೊಸ್ತಿಲನ್ನೂ ತುಳಿಯದೆ ಹಿಂದಕ್ಕೆ ಹೋದಳು.

ನಮ್ಮ ಕಡೆ ಗೌರಿಹಬ್ಬಕ್ಕೆ ಅಣ್ಣ ತಮ್ಮಂದಿರು ಮದುವೆಯಾದ ಹೆಣ್ಣುಮಕ್ಕಳಿಗೆ ಮೊರದ ಬಾಗಿನ ಕಳಿಸಬೇಕು. ಅಕ್ಕಿ, ಬೆಲ್ಲ, ಬಳೆ, ಅರಿಸಿನ ಕುಂಕುಮ, ಕುಬಸದ ಬಟ್ಟೆ ಇಟ್ಟು, ಮೇಲೊಂದು ಮೊರ ಕವುಚಿ ದಾರ ಸುತ್ತಿದ ಬಾಗಿನ. ಎಷ್ಟು ಬಡವನಾದರೂ ಕಳಿಸುತ್ತಾನೆ. ತವರು ಬದುಕಿದೆ ಎಂಬುದಕ್ಕೆ ಅದೇ ಗುರುತು. ಮೇಷ್ಟ್ರು ಪ್ರತಿ ವರ್ಷವೂ ನಾಗಮಂಗಲದಲ್ಲಿದ್ದ ಚಿಕ್ಕಪ್ಪನ ಮಗ ಪಾಪಣ್ಣನ ಕೈಲಿ ಕಳಿಸುತ್ತಿದ್ದರು. ಪ್ರತಿ ವರ್ಷವೂ ಅದು ಕಟ್ಟಿದ ದಾರ ಬಿಚ್ಚದೆ ಹಾಗೇ ವಾಪಸ್ಸು ಬರುತ್ತಿತ್ತು. ಹಬ್ಬ ಕಳೆದ ಒಂದು ವಾರ ಸ್ಕೂಲಿನಲ್ಲಿ ಅವರ ವಿಶಲ್ಲು ಕೇಳಿದರೆ ಹುಡುಗರು ಬೆಚ್ಚುತ್ತಿದ್ದರು. ಯಾಕೆಂದು ನಮಗೆ ಗೊತ್ತಿರಲಿಲ್ಲ.

ಇನ್ನು ಕಿಟಕಿಯ ವಿಷಯ. ಮೇಷ್ಟ್ರು ಹೂದಾನಿಗಳನ್ನು ಕಂಡಕಂಡವರಿಗೆ ಕೊಡುತ್ತಿದ್ದರು. ನಮ್ಮ ಜನಕ್ಕೆ ಹೂದಾನಿಯಲ್ಲಿ ಹೂವಿಡುವ ಅಭ್ಯಾಸ ಎಲ್ಲಿಯದು? ಹೂವು ದೇವರಿಗೆ, ಇಲ್ಲವೇ ಮುಡಿಗೆ. ಆದ್ದರಿಂದ ಒಬ್ಬರು ಚಮಚ ಹಾಕಿಟ್ಟರು, ಒಬ್ಬರು ಊದುಬತ್ತಿ. ಹೆಚ್ಚಿನವರು ಪ್ಲಾಸ್ಟಿಕ್ ಗುಲಾಬಿ ಸಿಕ್ಕಿಸಿ ಶೋಕೇಸಿಗೆ ಸೇರಿಸಿದರು. ಆಗ ಎಲ್ಲರ ಮನೆಯಲ್ಲೂ ಶೋಕೇಸು ಬಂದ ಕಾಲ. ಚಮಚ, ಊದುಬತ್ತಿಯನ್ನೆಲ್ಲ ಮೇಷ್ಟ್ರು ಸಹಿಸುತ್ತಿದ್ದರು. ಶೋಕೇಸು ಕಂಡರೆ ಮಾತ್ರ ಅವರಿಗೆ ಎಲ್ಲಿಲ್ಲದ ಸಿಟ್ಟು. "ಶೋಕೇಸಿಗೆ ಬೆಳಕು ಎಲ್ಲಿಂದ ಬತ್ತದೆ? ನಾ ಬಣ್ಣ ಬುಟ್ಟಿರಾದು ಬೆಳಕಿಗೆ ಕಣ್ರೀ. ಗಾಜಿನ ಮೇಲೆ ನೋಡ್ಬೇಡಿ, ಬೆಳಕು ಅದ ತೂರ್ಕಂಡು ಎಲ್ ಬೀಳ್ತದೆ ಅಲ್ಲಿ ನೋಡಿ" ಎನ್ನುವರು. ಹೆಡ್ಮಾಸ್ಟರ ಮನೆಗೆ ಸತ್ಯನಾರಾಯಣ ಪೂಜೆಗೆ ಹೋದಾಗ ಪ್ರಸಾದಕ್ಕೂ ಕಾಯದೆ ಸೀದಾ ಶೋಕೇಸಿಗೆ ಕೈ ಹಾಕಿ, ಹೂದಾನಿ ತೆಗೆದು, ಕಿಟಕಿಯ ಪರದೆ ಸರಿಸಿ ಅಲ್ಲಿಟ್ಟರು. ಹೆಡ್ಮಾಸ್ಟರ ಹೆಂಡತಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಸೋಫಾದ ಮೇಲೆ ಕೆಂಪು, ಹಸಿರು ಬೆಳಕು ಬಿದ್ದಾಗ ಆಕೆಯೂ "ಅಯ್ಯೋ, ಹೌದಲ್ಲ!" ಎಂದರು. ಹೂದಾನಿ ಕೊಟ್ಟ ಒಂದೊಂದು ಮನೆಗೂ ಹೀಗೆ ಹೋಗಿ ಕಿಟಕಿಗೆ ಇಟ್ಟು ಬಂದ ಪುಣ್ಯಾತ್ಮ ಅವರು. ನಮ್ಮ ಮನೆಗಂತೂ ವಾರಕ್ಕೊಮ್ಮೆ ತಪಾಸಣೆ ನಡೆಯುತ್ತಿತ್ತು.

ಒಂದು ವರ್ಷ ಮಳೆಗಾಲದಲ್ಲಿ ನೀಳ ಕತ್ತಿನ, ತೆಳು ಮೈಯ ಒಂದು ಹೂದಾನಿ ಸಿಕ್ಕಿತು. ಅದಕ್ಕೆ ಅವರು ಗುಲಾಬಿ, ನವಿಲು ಏನನ್ನೂ ಬರೆಯಲಿಲ್ಲ. ಬರೀ ಹುಚ್ಚೆಳ್ಳು ಹೂವು. ರಾಗಿ ಹೊಲದ ಸಾಲಿನಲ್ಲಿ ಹಳದಿಯಾಗಿ ಅರಳುವುದಲ್ಲ, ಅದು. "ಅವ್ವ ಆಲು ಕರಿಯೋಳು. ನಾವಿಬ್ರೂ ಉಚ್ಚೆಳ್ಳು ಊವ ತಂದು ಕರೀಗೆ ಸಿಗುಸ್ತಾ ಇದ್ದೋ, ಅದರ ಕಿವಿಗೆ, ಕೊಂಬಿಗೆ. ಸಾಕಿಗೆ ಬಲೇ ಇಷ್ಟ" ಎಂದರು. ಕರಿ ಎಂದರೆ ಅವರ ಮನೆಯ ಎಮ್ಮೆ. ಆ ಹೂದಾನಿಗೆ ಅವರು ಪಟ್ಟ ಶ್ರಮ ನನಗೆ ಗೊತ್ತು. ಮಳೆಗಾಲವಾದ್ದರಿಂದ ಬಣ್ಣ ಒಣಗುತ್ತಲೇ ಇರಲಿಲ್ಲ. ಆ ಆಳಿನ ಬಾಳೆಗೊನೆಯಂಥ ಕೈ, ಇರುವೆಯಷ್ಟು ಎಸಳಿಗೆ ಬಣ್ಣ ಬಿಡುವಾಗ ಉಸಿರು ಬಿಗಿಹಿಡಿದಿರುತ್ತಿತ್ತು. ಗೌರಿಹಬ್ಬದ ಹೊತ್ತಿಗೆ ಮುಗಿಯಿತು. ಅಕ್ಕ ಬಾಗಿನದ ಮೊರಕ್ಕೆ ಅಕ್ಕಿ ಹಾಕಿದ ಮೇಲೆ ಮೇಷ್ಟ್ರೇ ಅದನ್ನು ಅಕ್ಕಿಯ ಮೇಲೆ ಮಲಗಿಸಿ ಅತ್ತಿತ್ತ ಅಲುಗಾಡಿಸಿ ನೋಡಿದರು. ಮೇಲಿನ ಮೊರ ಸರಿಯಾಗಿ ಕೂರದೆ ಉಬ್ಬಿಕೊಂಡೇ ಇತ್ತು. ಪಾಪಣ್ಣ ಬಂದು ಒಯ್ದ.

ಆ ಸಲ ಬಾಗಿನ ವಾಪಸ್ಸು ಬರಲಿಲ್ಲ. ಹಬ್ಬ ಮುಗಿಯಿತು, ಗಣಪತಿ ಬಿಟ್ಟಾಯಿತು, ಬರಲಿಲ್ಲ. ಮೇಷ್ಟ್ರು ಸ್ಕೂಲಿಗೆ ಕಡುಬು ಕಟ್ಟಿಕೊಂಡು ಬಂದು ಸ್ಟಾಫ್ ರೂಮಿಗೆಲ್ಲ ಹಂಚಿದರು. ಆ ದಿನ ತಡವಾಗಿ ಬಂದ ಹುಡುಗರನ್ನು ಓಡಿಸಲೂ ಇಲ್ಲ. "ಈಸ್ಕಂಡ್ಳು ಮೇಡಮ್ಮೋರೆ, ಈಸ್ಕಂಬುಟ್ಳು!" ಎಂದು ನಮ್ಮ ಮನೆ ಬಾಗಿಲಲ್ಲಿ ನಿಂತು ಹೇಳಿದಾಗ ಆ ದೊಡ್ಡ ಮೈಯಲ್ಲಿ ಒಂದು ಎಳೇ ಹುಡುಗ ಕಂಡ. ಹೋಗಿ ನೋಡಿ ಬನ್ನಿ ಎಂದೆ. "ಓಯ್ತೀನಿ, ಓಯ್ತೀನಿ. ಆತ್ರ ಪಡಬಾರ್ದು. ಒಂದ್ ಕಡೆ ಒಣಗಲಿ, ಆಮೇಲೆ ಇನ್ನೊಂದ್ ಕಡೆ" ಎಂದರು. ಕಾಯುವುದನ್ನು ಕಲಿತದ್ದು ಎಂಥ ಹೊತ್ತಿಗೆ ನೋಡಿ!

ಹೇಮಂತದಲ್ಲಿ ಕೆ.ಆರ್. ಪೇಟೆಯಲ್ಲಿ ಅವರ ನೆಂಟರದೊಂದು ಮದುವೆ. ಅಕ್ಕ ಬಲವಂತ ಮಾಡಿ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಪಾಪಣ್ಣ ಬಂದ. ಕೆಟ್ಟವನಲ್ಲ, ಬಾಯಿಗೆ ಬೀಗವಿಲ್ಲದವನು ಅಷ್ಟೆ. "ಅಣ್ಣೋ, ನಿನ್ ಊದಾನಿಗೆ ಯಾವ ಮರ್ವಾದೆ ಸಿಕ್ಕದೆ ಗೊತ್ತಾ? ಕೊಟ್ಗೇಲಿ ಮಡಗವ್ಳೆ ಕಣಣ್ಣ ನಿನ್ ತಂಗಿ. ಎಮ್ಮೆ ಹಿಂದ್ಗಡೆ!" ಎಂದು ನಕ್ಕ.

ಮೇಷ್ಟ್ರು ಬಾಯಲ್ಲಿದ್ದ ಎಲೆಯನ್ನು ಅಗಿಯುವುದನ್ನೇ ನಿಲ್ಲಿಸಿದರು. "ಕೊಟ್ಗೇಲಾ?" ಎಂದು ಒಂದು ಸಲ ಕೇಳಿದರು.

"ಊಂ ಕಣಣ್ಣ. ನಾನೇ ಕಣ್ಣಾರ ನೋಡಿವ್ನಿ."

ಅಷ್ಟೆ. ಮತ್ತೇನನ್ನೂ ಕೇಳಲಿಲ್ಲ. ಎದ್ದು ಹೋಗಿ ಪಾಂಡವಪುರದ ಬಸ್ಸು ಹತ್ತಿದರು. ಇಳಿದ ಮೇಲೆ ಅಕ್ಕನಿಗೆ, "ಸಗಣಿ ಬಾಚೋ ಜಾಗದಲ್ಲಿ ಮಡಗವ್ಳೆ. ವಾಪಸ್ ಕಳ್ಸಿದ್ರೆ ಮೇಲಾಗಿತ್ತು" ಎಂದರು.

ನಾನು ಸುಮ್ಮನಿರುವವಳಲ್ಲ. ಮಾರನೆಯ ದಿನವೇ ಹೋಗಿ ವಾದಕ್ಕೆ ನಿಂತೆ. ಪಾಪಣ್ಣನ ಬಾಯಿ ನಂಬಬೇಡಿ, ಒಂದು ಸಲ ನಾಗಮಂಗಲದ ಬಸ್ಸು ಹತ್ತಿ ಎಂದೆ. ಅಕ್ಕ ತಾನೇ ಹೋಗಿ ನೋಡಿ ಬರುತ್ತೇನೆ ಎಂದರು. "ನೀ ಓದ್ರೆ ನನ್ ಮೇಲಾಣೆ" ಎಂದು ಮೇಷ್ಟ್ರು ಅವರ ಕಾಲು ಕಟ್ಟಿಹಾಕಿದರು. ನನಗೆ ಹೇಳಿದ್ದಿಷ್ಟೇ: "ಬುಡಿ ಮೇಡಮ್ಮೋರೆ. ಅವ್ಳು ಅವ್ವನ ಮೊಕ ನೋಡ್ನಿಲ್ಲ. ನನ್ ಬೆಲೆ ಏಟು ಅಂತ ತೋರ್ಸವ್ಳೆ. ಸರಿಯಾಗೇ ತೋರ್ಸವ್ಳೆ." ಮೊರದಲ್ಲಿ ಅರ್ಧ ಬಣ್ಣ ಬಿಟ್ಟು ಮಲಗಿಸಿದ್ದ ಒಂದು ಹೂದಾನಿ ಹಾಗೇ ಉಳಿಯಿತು. ಅಕ್ಕ ಕೊನೆಗೆ ಅದನ್ನೆತ್ತಿ ಅಟ್ಟಕ್ಕೆ ಹಾಕಿದರು, ಮಂಕರಿ ಕೋಳಿಗೆ ಹೋಯಿತು. ಮುಂದಿನ ಗೌರಿಹಬ್ಬಕ್ಕೆ ಮೇಷ್ಟ್ರು ಬಾಗಿನ ಕಳಿಸಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ.

ರಿಟೈರಾದ ಮೇಲೆ ಅವರು ಬಹಳ ಕಾಲ ಬದುಕಲಿಲ್ಲ. ಒಂದು ಬೆಳಿಗ್ಗೆ ಎದೆ ನೋವೆಂದು ಕೂತವರು ಹಾಗೇ ಹೋಗಿಬಿಟ್ಟರು. ತೊಣ್ಣೂರಿನ ಹತ್ತಿರದ ಹೊಲಕ್ಕೇ ಒಯ್ಯಬೇಕಿತ್ತು. ಹಿರಿಯರು ಮತ್ತೆ ಅದೇ ರಾಹುಕಾಲದ ಲೆಕ್ಕ ತೆಗೆದರು. ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದ ಅಕ್ಕ ಎದ್ದು ಬಂದು ಹೆಣದ ತಲೆಯ ಹತ್ತಿರ ನಿಂತರು. "ನಾಗಮಂಗಲದೋರು ಬರೋಗಂಟ ಯಾರೂ ಮುಟ್ಟಂಗಿಲ್ಲ. ಇವತ್ತು ನಮ್ಮನೇಲಿ ಯಾರೂ ಗಡಿಯಾರ ನೋಡಂಗಿಲ್ಲ" ಎಂದರು. ಆ ಹೆಂಗಸಿನ ಬಾಯಲ್ಲಿ ಅಂಥ ದನಿ ನಾನು ಕೇಳಿರಲಿಲ್ಲ. ರಾಹುಕಾಲ ಬಂತು, ಹೋಯಿತು. ಬಿಸಿಲು ಇಳಿಯುವ ಹೊತ್ತಿಗೆ ಸಾಕಮ್ಮ ಬಂದಳು. ಅಣ್ಣನದೇ ಅಗಲ ಮುಖ, ಅಣ್ಣನದೇ ಎತ್ತರ. ಅಳಲಿಲ್ಲ. ಹೆಣದ ಕೆನ್ನೆ ಹಿಡಿದು, "ಬಂದೆ ಕಣಣ್ಣ. ಈ ಸಲ ಬಸ್ಸು ಕೆಟ್ಟೋಗ್ನಿಲ್ಲ" ಎಂದಳು. ಆಮೇಲೆ ಅವಳನ್ನು ಹಿಡಿಯಲಾಗಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅವಳು ಅತ್ತಿಗೆಯನ್ನು ನಾಲ್ಕು ದಿನ ಇದ್ದು ಬರುವಂತೆ ತನ್ನೂರಿಗೆ ಕರೆದಳು. ಒಬ್ಬರೇ ಹೋಗಲು ಅಳುಕಿ ಅಕ್ಕ ನನ್ನನ್ನೂ ಎಳೆದುಕೊಂಡು ಹೋದರು. ನಾವು ತಲುಪಿದಾಗ ಸಂಜೆ. ನಡುಮನೆಯಲ್ಲಿ ಅವರದೂ ಒಂದು ಶೋಕೇಸು, ಅದರಲ್ಲಿ ಪ್ಲಾಸ್ಟಿಕ್ ಹೂವು, ಗೊಂಬೆ. ಅಕ್ಕನ ಕಣ್ಣು ಅದರ ಮೇಲೆಲ್ಲ ಓಡಾಡಿ ನೆಲಕ್ಕಿಳಿದದ್ದನ್ನು ನಾನು ನೋಡಿದೆ.

ಮಾರನೆಯ ಬೆಳಗಿನ ಜಾವ ಸಾಕಮ್ಮನೇ ನಮ್ಮನ್ನು ಕರೆದಳು. "ಅತ್ಗೆ, ಬನ್ನಿ. ಒಂದು ತೋರುಸ್ಬೇಕು. ಮೇಡಮ್ಮೋರೆ, ನೀವೂ ಬನ್ನಿ." ಡೈರಿಗೆ ಹಾಲು ಹಾಕುವ ಮನೆ, ಕೊಟ್ಟಿಗೆ ಮನೆಗಿಂತ ದೊಡ್ಡದು. ಒಳಗೆ ಮಬ್ಬುಗತ್ತಲು. ಅವಳು ಎಮ್ಮೆಯ ಕೆಚ್ಚಲು ತೊಳೆದು ಹಾಲು ಕರೆಯಲು ಕೂತಳು. ಅಷ್ಟರಲ್ಲಿ ಎದುರಿನ ಹೊಲದ ಮೇಲೆ ಹೊತ್ತು ಹುಟ್ಟಿತು. ಎಮ್ಮೆಯ ಹಿಂದಿನ ಗೋಡೆಗೆ ಒಂದು ಸಣ್ಣ ಕಿಟಕಿ, ಪೂರ್ವಕ್ಕೆ. ಅದರಲ್ಲಿ ಹುಚ್ಚೆಳ್ಳು ಹೂವಿನ ಹೂದಾನಿ ನಿಂತಿತ್ತು. ಬಿಸಿಲು ಅದನ್ನು ತೂರಿಕೊಂಡು ಬಂತು. ಎಮ್ಮೆಯ ಕರಿ ಬೆನ್ನಿನ ತುಂಬ ಹಳದಿ ಹೂವು ಬಿದ್ದವು. ಅದು ಬಾಲ ಬೀಸಿದರೆ ಹೂವು ಅಲುಗುತ್ತಿದ್ದವು. ಪಾಪಣ್ಣ ಸುಳ್ಳು ಹೇಳಿರಲಿಲ್ಲ.

"ಮೊದ್ಲು ನಡುಮನೇಲಿ ಮಡಗಿದ್ದೆ ಅತ್ಗೆ. ಕತ್ಲು, ಏನೂ ಕಾಣ್ನಿಲ್ಲ" ಎಂದಳು ಸಾಕಮ್ಮ, ಹಾಲು ಕರೆಯುತ್ತಲೇ. "ನಾ ದಿನಾಲೂ ಇರಾದು ಇಲ್ಲೇ ಅಲ್ವಾ? ಅದ್ಕೇ ಇಲ್ಲಿಗೆ ತಂದೆ. ಮೊದಲ್ನೇ ದಿನ ಇಂಗೆ ಊವು ಬಿದ್ದಾಗ, ಅವ್ವ ಆಲು ಕರೀತಾವ್ಳೆ, ನಾವಿಬ್ರೂ ಊವ ಸಿಗುಸ್ತಾ ಇದ್ದೀವಿ ಅನ್ನಂಗಾಗಿ ಗಟ್ಟಿಯಾಗಿ ಅತ್ಬುಟ್ಟೆ. ಆವತ್ತೇ ನನ್ ಕ್ವಾಪ ಓಯ್ತು. ಅಣ್ಣ ಇನ್ನೇನು ಬತ್ತಾನೆ, ಬಂದ್ರೆ ಒತ್ತಾರೆ ಎಬ್ಬುಸ್ಕಂಡ್ ಬಂದು ತೋರುಸ್ಬೇಕು ಅಂತ ಇದ್ದೆ. ಬರ್ನಿಲ್ಲ. ಮುಂದಿನ್ ಅಬ್ಬಕ್ಕೆ ಬಾಗಿನಾನೂ ಬರ್ನಿಲ್ಲ. ಕರೀದೆ ತವರಿಗೆ ಎಂಗೆ ಓಗ್ಲಿ? ತವರು ಮಣ್ಣಾಯ್ತು ಅಂದೋಳು ನಾನೇ ಅಲ್ವಾ."

ಪಾಪಣ್ಣನ ಮಾತು, ಮದುವೆ ಮನೆ, ಯಾವುದನ್ನೂ ಹೇಳಬಾರದೆಂದು ಅಕ್ಕನ ಕಡೆ ನೋಡಿದೆ. ಅಕ್ಕ ನನ್ನನ್ನು ನೋಡುತ್ತಿರಲಿಲ್ಲ. ಎಮ್ಮೆಯ ಹತ್ತಿರ ಹೋಗಿ ಅದರ ಬೆನ್ನಿನ ಮೇಲೆ ಬೆಳಕು ಬಿದ್ದ ಜಾಗಕ್ಕೆ ಅಂಗೈ ಚಾಚಿದರು. ಬರಿಗೈಯ ಮೇಲೆ ಹೂವು ಬಂದು ಕೂತವು.

"ಶೋಕೇಸಲ್ಲಿ ಮಡಗಿದ್ದೋರ ಮನೆಗೆಲ್ಲ ತಾವೇ ಓಗಿ ಕಿಟಕೀಗೆ ಮಡಗಿ ಬಂದ್ರು ಕಣವ್ವ" ಎಂದರು ಅಕ್ಕ. "ಕಿಟಕೀಲೇ ಮಡಗಿದ್ದೋಳ ಮನೆಗೆ ಬರ್ನಿಲ್ಲ."